ಹಳೆಯ ವಾಣಿಜ್ಯ ಮಳಿಗೆಗಳ ಮಾದರಿಯಲ್ಲಿ ಸ್ವಯಂಚಾಲಿತ ಉಗ್ರಾಣ: ಮೈನ್‌ಕ್ರಾಫ್ಟ್ ಎಷ್ಟರ ಮಟ್ಟಿಗೆ ಒದಗುತ್ತದೆ?

2011ರ ನವೆಂಬರ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾಗಿ, 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿರುವ, ಘನಾಕಾರದ ಬ್ಲಾಕ್‌ಗಳನ್ನು ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಆಟದ ಬಗ್ಗೆ ಸಾಮಾನ್ಯ ವಿಮರ್ಶೆಯೊಂದನ್ನು ಬರೆದರೆ ಈಗ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಈ ಬರಹದಲ್ಲಿ ಅದರ ಒಂದೇ ಒಂದು ಉಪಯೋಗವನ್ನು ಪರೀಕ್ಷೆಗೆ ಒಡ್ಡಿದ್ದೇನೆ. ಸರಕನ್ನು ತಾನೇ ವಿಂಗಡಿಸಿ, ತಾನೇ ಪೆಟ್ಟಿಗೆಗಳಿಗೆ ತುಂಬುವ ಉಗ್ರಾಣವೊಂದನ್ನು ಹಳೆಯ ಕಾಲದ ವಾಣಿಜ್ಯ ಕಟ್ಟಡಗಳ ಮಾದರಿಯಲ್ಲಿ ರೂಪಿಸಬೇಕೆಂದು ಹೊರಟವರಿಗೆ ಈ ಆಟ ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಜಾವಾ ಆವೃತ್ತಿಯಲ್ಲಿ, ಮಾಡ್‌ಗಳ (ಆಟಗಾರರೇ ತಯಾರಿಸಿದ ಹೊರಗಿನ ಸೇರ್ಪಡೆಗಳ) ನೆರವಿಲ್ಲದೆ, ಮೂರು ಬಗೆಯ ಕಟ್ಟಡಗಳನ್ನು ಕಟ್ಟಿ, ಅವುಗಳಲ್ಲಿ ಒಂದನ್ನು ಪೂರ್ತಿ ಕೆಡವಿ, ಉಳಿದ ಎರಡನ್ನು ಬಳಸುತ್ತಿರುವವನ ಅಭಿಪ್ರಾಯವಿದು.

ಆಡಿದವರಿಗೆಲ್ಲ ಈ ತೊಂದರೆ ಪರಿಚಿತ. ಆಟದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ವಸ್ತುಗಳಿವೆ. ಕೆಲವು ದಿನ ಗಣಿಯಲ್ಲಿ ಅಗೆದು, ಹೊಲದಲ್ಲಿ ಬೆಳೆದು, ಕಾಡಿನಲ್ಲಿ ಅಲೆದು ಮನೆಗೆ ಮರಳಿದಾಗ ಪೆಟ್ಟಿಗೆಗಳ ಸಾಲು ಬೆಳೆದಿರುತ್ತದೆಯೇ ಹೊರತು ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ನೆನಪಿನಲ್ಲಿರುವುದಿಲ್ಲ. 2013ರ ಮಾರ್ಚ್‌ನಲ್ಲಿ ಬಂದ 1.5ನೇ ಆವೃತ್ತಿ ಹಾಪರ್ ಮತ್ತು ಕಂಪ್ಯಾರೇಟರ್ ಎಂಬ ಎರಡು ಸಾಧನಗಳನ್ನು ಕೊಟ್ಟ ಮೇಲೆ ವಿಂಗಡಣೆಯನ್ನು ಯಂತ್ರಕ್ಕೆ ಒಪ್ಪಿಸುವುದು ಸಾಧ್ಯವಾಯಿತು. ಆದರೆ ಹೀಗೆ ಕಟ್ಟಿದ ಉಗ್ರಾಣಗಳು ಬಹುಮಟ್ಟಿಗೆ ನೆಲದಡಿಯ ಬೂದುಬಣ್ಣದ ಪೆಟ್ಟಿಗೆಕೋಣೆಗಳು. ಅದನ್ನು ಚಂದಗಾಣಿಸಲು ಮುಂದೆ ಒಂದು ಕಮಾನು, ಮೇಲೊಂದು ಗೋಪುರ, ಪಕ್ಕದಲ್ಲಿ ನಾಲ್ಕು ದೀಪಗಳನ್ನು ಅಂಟಿಸಿ ‘ಹಳೆಯ ವ್ಯಾಪಾರಿ ಮಹಲು’ ಎಂದು ಹೆಸರಿಡುವ ರೂಢಿಯೂ ಇದೆ. ನಾನು ಮೊದಲು ಕಟ್ಟಿದ್ದು ಇಂಥದ್ದನ್ನೇ, ಕೆಡವಿದ್ದೂ ಅದನ್ನೇ. ಹಳೆಯ ವರ್ತಕರ ಮಳಿಗೆಗಳಲ್ಲಿ ಮುಖಭಾಗ ಅಲಂಕಾರವಾಗಿದ್ದಿರಬಹುದು, ನಕಾಶೆಯಂತೂ ಅಲಂಕಾರವಾಗಿರಲಿಲ್ಲ. ಸರಕು ಎಲ್ಲಿಂದ ಒಳಬರಬೇಕು, ಎಲ್ಲಿ ಎತ್ತರಕ್ಕೆ ಏರಬೇಕು, ಎಲ್ಲಿ ಒಣಗಿರಬೇಕು, ಯಾರ ಕಣ್ಣಮುಂದೆ ಹೊರಹೋಗಬೇಕು ಎಂಬುದನ್ನು ಗೋಡೆ, ಬಾಗಿಲು, ಅಟ್ಟಗಳೇ ತೀರ್ಮಾನಿಸುತ್ತಿದ್ದವು. ಆಟದ ಯಂತ್ರಕ್ಕೂ ಅದೇ ತೀರ್ಮಾನಗಳು ಬೇಕು. ನಕಾಶೆಯನ್ನು ಎರವಲು ತಂದರೆ ಕಟ್ಟಡ ಕೆಲಸ ಮಾಡುತ್ತದೆ, ಮುಖವನ್ನು ಮಾತ್ರ ತಂದರೆ ಯಂತ್ರವೂ ಕಟ್ಟಡವೂ ಒಂದಕ್ಕೊಂದು ಅಡ್ಡಬರುತ್ತವೆ.

ಮೊದಲು ಯಂತ್ರದ ಸ್ವಭಾವ ತಿಳಿಯಬೇಕು. ಹಾಪರ್ ಎಂದರೆ ಆಲಿಕೆಯಾಕಾರದ ಕಬ್ಬಿಣದ ತೊಟ್ಟಿ. ಅದರೊಳಗೆ ಐದು ಸ್ಲಾಟ್‌ಗಳು, ಅಂದರೆ ವಸ್ತು ಇಡುವ ಖಾನೆಗಳು, ಇವೆ. ತನ್ನ ಮೇಲಿರುವ ಪೆಟ್ಟಿಗೆಯಿಂದ ವಸ್ತುವನ್ನು ಎಳೆದುಕೊಂಡು, ತನ್ನ ಮೂತಿ ತಿರುಗಿದ ಕಡೆಗೆ, ಅಂದರೆ ಕೆಳಕ್ಕೆ ಅಥವಾ ಅಡ್ಡಕ್ಕೆ, ದಾಟಿಸುತ್ತದೆ. ಮೇಲಕ್ಕೆ ಮಾತ್ರ ಎಂದಿಗೂ ದಾಟಿಸದು. ಒಂದು ವಸ್ತುವನ್ನು ದಾಟಿಸಲು 8 ಟಿಕ್, ಅಂದರೆ 0.4 ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ ಎರಡೂವರೆ, ಗಂಟೆಗೆ 9,000. ಜೋಡಿ ಪೆಟ್ಟಿಗೆಯೊಂದರಲ್ಲಿ 54 ಸ್ಲಾಟ್‌ಗಳಿದ್ದು, ಸ್ಲಾಟ್‌ಗೆ 64ರಂತೆ 3,456 ವಸ್ತುಗಳು ಹಿಡಿಯುವುದರಿಂದ, ಒಂದು ಹಾಪರ್ ಅದನ್ನು ತುಂಬಲು ಸುಮಾರು 23 ನಿಮಿಷ ಬೇಕು. ಈ ಮಂದಗತಿಯನ್ನು ಹಲವರು ದೋಷವೆನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ‘ಮೇಲಕ್ಕೆ ದಾಟಿಸದು’ ಎಂಬ ನಿಯಮ. ಅದೊಂದೇ ನಿಯಮ ಕಟ್ಟಡದ ಆಕಾರವನ್ನು ಅರ್ಧಕ್ಕರ್ಧ ನಿರ್ಧರಿಸಿಬಿಡುತ್ತದೆ.

ನಿಜಲೋಕದ ಹಾಪರ್‌ಗೂ ಇದೇ ಗುಣವಿದೆ. ಗಿರಣಿಯ ಕಲ್ಲಿನ ಮೇಲೆ ಕಾಳು ಸುರಿಯುವ ತೊಟ್ಟಿಯ ಹೆಸರೇ ಅದು. 1842ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕ ಹಬೆಯಂತ್ರದಿಂದ ನಡೆಯುವ ಧಾನ್ಯದ ಎಲಿವೇಟರ್ ಕಟ್ಟಿಸಿದಾಗ ಮಾಡಿದ್ದು ಇಷ್ಟೇ: ಹಡಗಿನೊಳಗಿನ ಕಾಳನ್ನು ಪಟ್ಟಿಗೆ ಕಟ್ಟಿದ ಬಕೆಟ್ಟುಗಳ ಸಾಲಿನಿಂದ ಮೊದಲು ಕಟ್ಟಡದ ತುದಿಗೆ ಏರಿಸಿ, ಅಲ್ಲಿಂದ ಮುಂದಿನದನ್ನೆಲ್ಲ ಭಾರಕ್ಕೆ ಬಿಟ್ಟುಬಿಡುವುದು. ಒಮ್ಮೆ ಏರಿಸಲು ಖರ್ಚು ಮಾಡಿದರೆ ಇಳಿಯುವುದು ಪುಕ್ಕಟೆ. ನಮ್ಮ ಕಣಜಗಳಲ್ಲಿಯೂ ಮೇಲಿನ ಬಾಯಿಯಿಂದ ತುಂಬಿ ಕೆಳಗಿನ ಕಿಂಡಿಯಿಂದ ತೆಗೆಯುತ್ತಿದ್ದುದು ಇದೇ ತರ್ಕದ ಮೇಲೆ. ಆಟದಲ್ಲಿ ಏರಿಸುವ ಕೆಲಸಕ್ಕೆ 2018ರ ಜುಲೈನಲ್ಲಿ ಬಂದ 1.13ನೇ ಆವೃತ್ತಿ ನೀರಿನ ಗುಳ್ಳೆಗಂಬವನ್ನು ಕೊಟ್ಟಿದೆ. ಸೋಲ್ ಸ್ಯಾಂಡ್ ಎಂಬ ಮರಳಿನ ಮೇಲೆ ನಿಂತ ನೀರಿನ ಕಂಬವು ಅದರೊಳಗೆ ಬಿದ್ದುದನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಕಂಬದ ಪ್ರತಿಯೊಂದು ಬ್ಲಾಕ್‌ನಲ್ಲಿಯೂ ನೀರು ಮೂಲನೀರಾಗಿರಬೇಕು, ಹರಿವ ನೀರಾಗಿರಬಾರದು ಎಂಬ ಷರತ್ತು ಹೊಸಬರನ್ನು ಗೋಳುಹೊಯ್ದುಕೊಳ್ಳುತ್ತದೆ. ಕೆಳಗಿನಿಂದ ಮೇಲಿನವರೆಗೆ ಕೆಲ್ಪ್ ಎಂಬ ಕಡಲಕಳೆಯನ್ನು ನೆಟ್ಟು ಮತ್ತೆ ಕಿತ್ತರೆ ಷರತ್ತು ತಾನಾಗಿ ಪೂರೈಸುತ್ತದೆ.

ಇನ್ನು ವಿಂಗಡಣೆ. ಕಂಪ್ಯಾರೇಟರ್ ಎಂಬುದು ತಕ್ಕಡಿ ಎಂದು ತಿಳಿದರೆ ಸಾಕು. ಹಾಪರ್ ಎಷ್ಟು ತುಂಬಿದೆ ಎಂಬುದನ್ನು ಅಳೆದು 0ಯಿಂದ 15ರವರೆಗಿನ ಒಂದು ಸಂಕೇತವನ್ನು ಹೊರಡಿಸುತ್ತದೆ. ವಿಂಗಡಿಸುವ ಹಾಪರ್‌ನ ಮೊದಲ ಸ್ಲಾಟ್‌ನಲ್ಲಿ ಬೇಕಾದ ವಸ್ತುವಿನ 41 ಪ್ರತಿಗಳನ್ನೂ, ಉಳಿದ ನಾಲ್ಕು ಸ್ಲಾಟ್‌ಗಳಲ್ಲಿ ಬೇರೆಲ್ಲೂ ಸಿಗದಂಥ ಹೆಸರಿಟ್ಟ ತಡೆವಸ್ತುಗಳನ್ನು ಒಂದೊಂದರಂತೆಯೂ ಇಡಬೇಕು. ತಡೆವಸ್ತುಗಳಿರುವುದರಿಂದ ಬೇರೆ ಸರಕು ಒಳನುಗ್ಗುವುದಕ್ಕೆ ಜಾಗವಿಲ್ಲ. ಒಟ್ಟು 45 ಇದ್ದಾಗ ಸಂಕೇತ 2. ಬೇಕಾದ ವಸ್ತು ಇನ್ನೊಂದು ಬಂದು 46 ಆದ ಕೂಡಲೇ ಸಂಕೇತ 3ಕ್ಕೆ ಏರಿ, ಕೆಳಗಿನ ಹಾಪರ್‌ನ ಬೀಗ ತೆರೆದು, ಹೆಚ್ಚುವರಿ ಸರಕು ಕೆಳಗಿಳಿಯುತ್ತದೆ. ಮತ್ತೆ 45 ಆದಾಗ ಬೀಗ ಬೀಳುತ್ತದೆ. ಕೆಳಗಿನ ಪೆಟ್ಟಿಗೆಗಳೆಲ್ಲ ತುಂಬಿ, ವಿಂಗಡಿಸುವ ಹಾಪರ್‌ನ ಮೊದಲ ಸ್ಲಾಟ್ ಪೂರ್ತಿ 64 ಆದರೂ ಒಟ್ಟು 68 ಮಾತ್ರ, ಸಂಕೇತ 3ನ್ನು ಮೀರದು. ಹೀಗಾಗಿ ಪಕ್ಕದಲ್ಲೇ ನಿಂತ ಇನ್ನೊಂದು ವಿಂಗಡಣೆಯ ಸಾಲಿನ ಬೀಗವನ್ನು ತಪ್ಪಾಗಿ ತೆರೆಯುವ ಭಯವಿಲ್ಲ. ಹಿಂದೆ ಬಳಕೆಯಲ್ಲಿದ್ದ, ಮೊದಲ ಸ್ಲಾಟ್‌ನಲ್ಲಿ 41ರ ಬದಲು 18 ಇಡುವ ವಿನ್ಯಾಸದಲ್ಲಿ ಈ ಅಪಾಯವಿತ್ತು: ಅಲ್ಲಿ ಬೀಗ ತೆರೆಯಲು ಸಂಕೇತ 2 ಸಾಕು, ಆದರೆ ಸ್ಲಾಟ್ ತುಂಬಿದಾಗ ಅದು 3ಕ್ಕೆ ಏರಿ ನೆರೆಯ ಸಾಲಿಗೂ ಸೋರುತ್ತಿತ್ತು. ಹಳೆಯ ವರ್ತಕನ ಅಳತೆಯ ಕೊಳಗದಂತೆ ಇಲ್ಲಿಯೂ ಒಂದು ಕಾಳು ಹೆಚ್ಚುಕಡಿಮೆಯಾಗುವಂತಿಲ್ಲ. ಆಟದ ಇಡೀ ವ್ಯವಸ್ಥೆಯಲ್ಲಿ ನನ್ನ ಮೆಚ್ಚುಗೆ ಅತ್ಯಂತ ಹೆಚ್ಚಾಗಿ ಸಂದಿರುವುದು ಈ ಲೆಕ್ಕಕ್ಕೆ.

ಇಂಥ ಒಂದು ವಿಂಗಡಣೆಯ ಘಟಕ ಒಂದೇ ಬ್ಲಾಕ್ ಅಗಲ, ಆದರೆ ಹಿಂದಕ್ಕೂ ಕೆಳಕ್ಕೂ ಹಲವು ಬ್ಲಾಕ್‌ಗಳ ಆಳ. ನೂರು ಬಗೆಯ ಸರಕಿಗೆ ನೂರು ತೆಳ್ಳನೆಯ ಹೋಳುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಬೇಕು. ಇದನ್ನು ಚೌಕಾಕಾರದ ಮಹಲಿನೊಳಗೆ ತುರುಕಲು ಹೋಗಿ ಸೋತ ಮೇಲೆ ನನಗೆ ನೆನಪಾದದ್ದು ನಾರ್ವೆಯ ಬರ್ಗೆನ್‌ನಲ್ಲಿರುವ ಬ್ರಿಗೆನ್ ಎಂಬ ಹಳೆಯ ಬಂದರುಕಟ್ಟೆ. ಸುಮಾರು 1360ರಲ್ಲಿ ಹಾನ್ಸಿಯಾಟಿಕ್ ವರ್ತಕ ಸಂಘ ಅಲ್ಲಿ ತನ್ನ ವ್ಯಾಪಾರ ಕಚೇರಿಯನ್ನು ನೆಲೆಗೊಳಿಸಿತು. ಒಣಮೀನು ಅಲ್ಲಿಂದ ಹೊರಹೋಗುತ್ತಿತ್ತು, ಧಾನ್ಯ ಒಳಬರುತ್ತಿತ್ತು. ಬಂದರಿನ ಕಟ್ಟೆಗೆ ಮುಖಮಾಡಿ ನಿಂತ ಕಿರಿದಾದ ತ್ರಿಕೋನ ಮುಖಗಳು, ಅವುಗಳ ಹಿಂದೆ ಉದ್ದಕ್ಕೆ ಚಾಚಿದ ಮರದ ಮಳಿಗೆಗಳು, ನಡುವೆ ಇಕ್ಕಟ್ಟಾದ ಓಣಿಗಳು. ಕಟ್ಟೆಯ ಅಂಚು ಎಲ್ಲರಿಗೂ ಬೇಕು, ಆದ್ದರಿಂದ ಪ್ರತಿಯೊಬ್ಬನಿಗೂ ಅಗಲ ಕಡಿಮೆ, ಆಳ ಹೆಚ್ಚು. ಆಟದಲ್ಲಿ ಬಂದರಿನ ಜಾಗದಲ್ಲಿ ನೀರಿನ ಕಾಲುವೆಯನ್ನು ಇಟ್ಟರೆ ನಕಾಶೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ವಿಂಗಡಣೆಯ ಪ್ರತಿಯೊಂದು ಹೋಳಿಗೂ ಕಾಲುವೆಯ ಒಂದು ಬ್ಲಾಕ್ ಅಂಚು ಸಿಕ್ಕರೆ ಸಾಕು, ಉಳಿದದ್ದು ಹಿಂದಕ್ಕೆ. ಬ್ರಿಗೆನ್ 1702ರ ಬೆಂಕಿಯ ನಂತರ ಮತ್ತೆ ಮೇಲೆದ್ದದ್ದು; ಬೆಂಕಿಗೆ ಹೆದರಿ ಅಲ್ಲಿನವರು ಬೆಲೆಬಾಳುವ ಸರಕಿಗಾಗಿ ಹಿಂಭಾಗದಲ್ಲಿ ಕಲ್ಲಿನ ನೆಲಮಾಳಿಗೆಗಳನ್ನು ಇಟ್ಟುಕೊಂಡಿದ್ದರು. ಆಟದಲ್ಲಿಯೂ ಮರದ ಹಲಗೆ ಬೆಂಕಿ ಹಿಡಿಯುತ್ತದೆ, ಸಿಡಿಲು ಬಡಿಯುತ್ತದೆ. ನಾನು ವಜ್ರ, ಎಮರಾಲ್ಡ್‌ಗಳ ಪೆಟ್ಟಿಗೆಗಳನ್ನು ಹಿಂಭಾಗದ ಡೀಪ್‌ಸ್ಲೇಟ್ ಕಲ್ಲಿನ ಕೋಣೆಗೆ ಸಾಗಿಸಿದ್ದು ಅವರನ್ನು ನೋಡಿಯೇ.

ಆದರೆ ಬ್ರಿಗೆನ್ ಮಾದರಿ ಒಂದು ಪ್ರಶ್ನೆಗೆ ಉತ್ತರಿಸುವುದಿಲ್ಲ. ಸರಕು ಒಳಬರುವ ದಾರಿಯೂ, ಅದನ್ನು ತೆಗೆದುಕೊಳ್ಳಲು ನಾವು ಬರುವ ದಾರಿಯೂ ಒಂದೇ ಆದರೆ ಏನು ಮಾಡಬೇಕು? ಕಾಲುವೆ, ಹಾಪರ್, ಸಂಕೇತ ಸಾಗಿಸುವ ರೆಡ್‌ಸ್ಟೋನ್‌ಗಳ ಕಡೆಯಿಂದಲೇ ಪೆಟ್ಟಿಗೆ ತೆರೆಯಬೇಕಾದರೆ ನಡೆಯಲು ಜಾಗವೇ ಇರುವುದಿಲ್ಲ. ಇದಕ್ಕೆ ಒಪ್ಪವಾದ ಪರಿಹಾರವನ್ನು ಹ್ಯಾಂಬರ್ಗ್‌ನ ಸ್ಪೈಖರ್‌ಸ್ಟಾಟ್ ಕೊಟ್ಟಿದೆ. 1883ರಲ್ಲಿ ಕಟ್ಟಲು ಆರಂಭಿಸಿ, ಓಕ್ ಮರದ ಗೂಟಗಳ ಅಡಿಪಾಯದ ಮೇಲೆ ಹಂತಹಂತವಾಗಿ ಬೆಳೆಸಿದ ಈ ಕೆಂಪಿಟ್ಟಿಗೆಯ ಗೋದಾಮುಗಳ ಸಮೂಹ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಫಿ, ಟೀ, ಕೋಕೋ, ಸಾಂಬಾರ ಪದಾರ್ಥ, ರತ್ನಗಂಬಳಿಗಳೆಲ್ಲ ಅಲ್ಲಿ ತಂಗುತ್ತಿದ್ದವು. ಅಲ್ಲಿನ ಗೋದಾಮಿಗೆ ಎರಡು ಮುಖ: ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಬೀದಿ. ದೋಣಿಯಲ್ಲಿ ಬಂದ ಮೂಟೆಯನ್ನು ತ್ರಿಕೋನ ಮುಖದ ತುದಿಯಲ್ಲಿ ಚಾಚಿದ ರಾಟೆಯಿಂದ ಮೇಲಕ್ಕೆ ಎಳೆದು ಆಯಾ ಅಟ್ಟಕ್ಕೆ ಸೇರಿಸುತ್ತಿದ್ದರು. ಗಾಡಿಗಳು ಬೀದಿಯ ಬದಿಯಲ್ಲಿ ನಿಲ್ಲುತ್ತಿದ್ದವು. ಯಂತ್ರಕ್ಕೆ ಒಂದು ಬದಿ, ಮನುಷ್ಯನಿಗೆ ಇನ್ನೊಂದು ಬದಿ ಎಂಬ ಈ ವಿಭಜನೆಯನ್ನು ಆಟಕ್ಕೆ ತಂದುದೇ ನನ್ನ ಎರಡನೆಯ ಕಟ್ಟಡದ ಮುಖ್ಯ ಸಂಗತಿ.

ಆ ಕಟ್ಟಡದಲ್ಲಿ ಕಾಲುವೆಯ ಬದಿಯ ಕಟ್ಟೆಯ ಮೇಲೆ ಒಂದು ಪೀಪಾಯಿ ಇದೆ. ಗಣಿಯಿಂದ ಬಂದದ್ದನ್ನೆಲ್ಲ ಅದಕ್ಕೆ ಸುರಿದು ಕೈತೊಳೆದುಕೊಳ್ಳಬಹುದು. ಅಲ್ಲಿಂದ ಸರಕು ಮುಖಭಾಗದ ಗೋಡೆಯೊಳಗಿನ ಗುಳ್ಳೆಗಂಬದಲ್ಲಿ 19 ಬ್ಲಾಕ್ ಮೇಲೇರಿ, ಛಾವಣಿಯ ಏಣಿನ ಕೆಳಗೆ ಹರಿಯುವ ನೀರಿಗೆ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಬೇಲಿಗೂಟ ಮತ್ತು ಸರಪಳಿಯಿಂದ ಮಾಡಿದ ರಾಟೆಯ ತೊಲೆ ಮಾತ್ರ. ಆದರೆ ತೊಲೆ ಇರುವ ಜಾಗದಲ್ಲಿಯೇ ಸರಕು ನಿಜವಾಗಿಯೂ ಮೇಲೇರುತ್ತಿರುತ್ತದೆ. ಈ ಒಂದು ಹೊಂದಾಣಿಕೆಗಾಗಿ ಮುಖಭಾಗವನ್ನು ಮೂರು ಸಲ ಬದಲಿಸಿದೆ, ಬೇಸರವಿಲ್ಲ. ಸಮತಟ್ಟಿನಲ್ಲಿ ನೀರು ಮೂಲದಿಂದ ಏಳು ಬ್ಲಾಕ್ ಮಾತ್ರ ಹರಿಯುವುದರಿಂದ ಎಂಟು ಬ್ಲಾಕ್‌ಗೊಮ್ಮೆ ಒಂದು ಮೆಟ್ಟಿಲು ಇಳಿಸಬೇಕು. ಛಾವಣಿಯೊಳಗೆ ಅಷ್ಟು ಎತ್ತರ ಸಿಗುವುದು ಈ ಕಡಿದಾದ ಇಳಿಜಾರಿನ ಉತ್ತರ ಯೂರೋಪಿನ ಮಾದರಿಯಲ್ಲಿ ಮಾತ್ರ. ಚಪ್ಪಟೆ ಛಾವಣಿಯ ಕಟ್ಟಡದಲ್ಲಿ ಸಿಗದು. ನೀರಿನಡಿಗೆ ಮಂಜುಗಡ್ಡೆಯ ಬ್ಲಾಕ್ ಹಾಸಿದರೆ ವೇಗ ಹೆಚ್ಚುತ್ತದೆ, ಆದರೆ ವೇಗ ಹೆಚ್ಚಿದಷ್ಟೂ ವಸ್ತುಗಳು ಹಾಪರ್‌ನ ಬಾಯಿಯನ್ನು ದಾಟಿ ಮುಂದೆ ಹೋಗಿಬಿಡುವ ಸಂಭವವೂ ಹೆಚ್ಚುತ್ತದೆ. ನಾನು ಮಂಜುಗಡ್ಡೆಯನ್ನು ತೆಗೆದುಹಾಕಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಅಟ್ಟದ ಕಾಲುವೆಯ ಕೊನೆಯಲ್ಲಿ, ಯಾವ ಹೋಳಿಗೂ ಸೇರದೆ ಉಳಿದ ಸರಕನ್ನು ಹಿಡಿಯುವ ಪೆಟ್ಟಿಗೆಯನ್ನು ಇಡಲು ಮರೆತಿದ್ದೆ. ಮೊದಲ ವಾರವೆಲ್ಲ ಯಂತ್ರ ಅಚ್ಚುಕಟ್ಟಾಗಿ ನಡೆದಂತೆ ಕಂಡಿತು. ಕಲ್ಲಿಗೆಂದು ಇಟ್ಟ ಕೆಳಗಿನ ಪೆಟ್ಟಿಗೆಗಳು ತುಂಬಿದ ಮೇಲೆ ಹೆಚ್ಚುವರಿ ಕಲ್ಲೂ, ಅದರ ಜೊತೆಗೆ ನಾನು ಹೋಳು ಕಟ್ಟದೆ ಬಿಟ್ಟಿದ್ದ ಹತ್ತಾರು ಬಗೆಯ ವಸ್ತುಗಳೂ ಅಟ್ಟದ ನೆಲಕ್ಕೆ ಬಿದ್ದು, ಐದು ನಿಮಿಷದ ನಂತರ ಆಟದ ನಿಯಮದಂತೆ ಮಾಯವಾಗಿದ್ದವು. ಏನೇನು ಹೋಯಿತೆಂಬ ಲೆಕ್ಕವೂ ಇಲ್ಲ. ಹಳೆಯ ಗೋದಾಮಿನಲ್ಲಿ ಗುಮಾಸ್ತನೊಬ್ಬ ದಪ್ತರ ಹಿಡಿದು ಅಟ್ಟದಲ್ಲಿಯೇ ಕುಳಿತಿರುತ್ತಿದ್ದ ಕಾರಣ ಆಗ ಚೆನ್ನಾಗಿ ಅರ್ಥವಾಯಿತು.

ನೆಲದ ವಿಷಯದಲ್ಲಿ ಪಾಠ ಕಲಿಸಿದ್ದು ರೋಮನ್ನರು. ರೋಮ್ ಮತ್ತು ಅದರ ಬಂದರಾದ ಆಸ್ಟಿಯಾದಲ್ಲಿ ಅವರು ಕಟ್ಟಿದ ಹೊರಿಯಾ ಎಂಬ ಉಗ್ರಾಣಗಳಲ್ಲಿ ಧಾನ್ಯವನ್ನು ತೇವದಿಂದ ಕಾಪಾಡಲು ಗಿಡ್ಡ ಗೋಡೆಗಳ ಮೇಲೆ ನೆಲವನ್ನು ಎತ್ತರಿಸಿ, ಅಡಿಯಲ್ಲಿ ಗಾಳಿಯಾಡಲು ಪೊಳ್ಳು ಬಿಡುತ್ತಿದ್ದರು. ಗೋಡೆಗಳು ದಪ್ಪ, ಕಿಟಕಿಗಳು ಎತ್ತರದಲ್ಲಿ ಸೀಳಿನಂತೆ ಕಿರಿದು. ಆಟದಲ್ಲಿ ತೇವದ ಭಯವಿಲ್ಲ. ಆದರೆ ಎತ್ತರಿಸಿದ ನೆಲದಡಿಯ ಎರಡು ಮೂರು ಬ್ಲಾಕ್‌ಗಳ ಪೊಳ್ಳು ರೆಡ್‌ಸ್ಟೋನ್ ತಂತಿ, ಟಾರ್ಚ್, ಹಾಪರ್‌ಗಳನ್ನು ಅಡಗಿಸಲು ಹೇಳಿ ಮಾಡಿಸಿದ ಜಾಗ. ಕೆಟ್ಟಾಗ ನುಸುಳಿ ದುರಸ್ತಿ ಮಾಡಲೂ ಬರುತ್ತದೆ. ಆಟದ ಸಾಮಾನ್ಯ ಕಟ್ಟಡಗಳಲ್ಲಿ ಗೋಡೆಯ ದಪ್ಪ ಒಂದೇ ಬ್ಲಾಕ್; ಅದು ಕಾಗದದ ಮನೆಯಂತೆ ಕಾಣುತ್ತದೆ, ಯಂತ್ರಕ್ಕೂ ಎಡೆ ಕೊಡುವುದಿಲ್ಲ. ಮೂರು ಬ್ಲಾಕ್ ದಪ್ಪದ ಗೋಡೆಯನ್ನು ಎಬ್ಬಿಸಿ, ನಡುವಿನ ಪದರವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಾಗ ಕಟ್ಟಡಕ್ಕೆ ಗಾಂಭೀರ್ಯವೂ ಬರುತ್ತದೆ. ಒಂದೇ ಸರಕನ್ನು ರಾಶಿಗಟ್ಟಲೆ ಇಡುವವರಿಗೆ ಈ ಮಾದರಿ ವಿಶೇಷವಾಗಿ ಹೊಂದುತ್ತದೆ. ತುಂಬಿದಂತೆಯೇ ಇನ್ನೊಂದು ಪೆಟ್ಟಿಗೆಯೊಳಗೆ ಇಡಬಹುದಾದ ಶಲ್ಕರ್ ಪೆಟ್ಟಿಗೆಗಳನ್ನು ಬಳಸಿದರೆ ಒಂದು ಜೋಡಿ ಪೆಟ್ಟಿಗೆಯಲ್ಲಿ 54 ಶಲ್ಕರ್‌ಗಳು, ಒಂದೊಂದರಲ್ಲಿ 27 ಸ್ಲಾಟ್, ಸ್ಲಾಟ್‌ಗೆ 64ರಂತೆ 93,312 ವಸ್ತುಗಳು ಹಿಡಿಯುತ್ತವೆ. ಸಾಲಾಗಿ ನಿಂತ ಒಂದೇ ಬಗೆಯ ಕೋಣೆಗಳಲ್ಲಿ ಇವನ್ನು ಜೋಡಿಸಿದಾಗ ಉಗ್ರಾಣ ಎಂಬ ಮಾತಿಗೆ ಅರ್ಥ ಬರುತ್ತದೆ.

ಮೂರನೆಯ ಕಟ್ಟಡ ಸಾರ್ಥವಾಹರ ಬಿಡಾರದ ಮಾದರಿಯದು. ಟರ್ಕಿಯ ಕೊನ್ಯಾದಿಂದ ಅಕ್ಸರಾಯ್‌ಗೆ ಹೋಗುವ ದಾರಿಯಲ್ಲಿ 1229ರಲ್ಲಿ ಸೆಲ್ಜೂಕ್ ಸುಲ್ತಾನ ಒಂದನೆಯ ಕೈಕುಬಾದ್ ಕಟ್ಟಿಸಿದ ಸುಲ್ತಾನ್ ಹಾನ್ ಇದಕ್ಕೆ ಆದರ್ಶ. ಹೊರಗೋಡೆ ಕೋಟೆಯಂತೆ ಮೂಕ. ಒಂದೇ ಒಂದು ಎತ್ತರದ ಹೆಬ್ಬಾಗಿಲು. ಒಳಗೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು, ನಟ್ಟನಡುವೆ ನಾಲ್ಕು ಕಮಾನುಗಳ ಮೇಲೆ ನಿಂತ ಪುಟ್ಟ ಮಸೀದಿ, ಹಿಂಭಾಗದಲ್ಲಿ ಚಳಿಗಾಲಕ್ಕೆಂದು ಮುಚ್ಚಿದ ದೊಡ್ಡ ಹಜಾರ. ಹೊರೆ ಹೊತ್ತ ಒಂಟೆಗಳು ಹಾಗೆಯೇ ಒಳಗೆ ನಡೆದುಬಂದು ಅಂಗಳದಲ್ಲಿ ಹೊರೆ ಇಳಿಸುತ್ತಿದ್ದವು. ಇಲ್ಲಿ ಸರಕು ಎತ್ತರಕ್ಕೆ ಏರುವುದೇ ಇಲ್ಲ, ಸುತ್ತ ಹರಡುತ್ತದೆ. ಆದ್ದರಿಂದ ಹಾಪರ್‌ಗಳ ತರ್ಕ ಇಲ್ಲಿ ಒಗ್ಗುವುದಿಲ್ಲ. ಹನ್ನೆರಡು ವರ್ಷಗಳ ಕಾಲ ಈ ಮಾದರಿಯನ್ನು ಬಯಸಿದವರು ನೆಲದಡಿಯಲ್ಲಿ ನೀರಿನ ಕಾಲುವೆಗಳನ್ನು ಜೇಡರಬಲೆಯಂತೆ ಹೆಣೆಯಬೇಕಾಗಿತ್ತು. 2025ರ ಸೆಪ್ಟೆಂಬರ್ 30ರಂದು ಬಂದ ‘ದಿ ಕಾಪರ್ ಏಜ್’ ಪರಿಷ್ಕರಣೆ ಪರಿಸ್ಥಿತಿಯನ್ನು ಬದಲಿಸಿತು. ಅದರಲ್ಲಿ ಬಂದ ತಾಮ್ರದ ಗೋಲೆಮ್ ಎಂಬ ಪುಟ್ಟ ಜೀವಿ ತಾಮ್ರದ ಪೆಟ್ಟಿಗೆಯಿಂದ ಒಂದು ಸಲಕ್ಕೆ 16ರವರೆಗೆ ವಸ್ತುಗಳನ್ನು ಎತ್ತಿಕೊಂಡು, ಅದೇ ವಸ್ತು ಈಗಾಗಲೇ ಇರುವ ಅಥವಾ ಖಾಲಿಯಿರುವ ಮರದ ಪೆಟ್ಟಿಗೆಯನ್ನು ಹುಡುಕಿ ನಡೆದುಹೋಗಿ ಇಡುತ್ತದೆ. ರೆಡ್‌ಸ್ಟೋನ್ ಬೇಕಿಲ್ಲ, ತಕ್ಕಡಿ ಬೇಕಿಲ್ಲ.

ಇದು ಹಮಾಲಿಯ ಕೆಲಸ, ಹಮಾಲಿಗೆ ಅಂಗಳ ಬೇಕು. ಮಧ್ಯದ ಪುಟ್ಟ ಮಂಟಪದ ಕೆಳಗೆ ತಾಮ್ರದ ಪೆಟ್ಟಿಗೆಯನ್ನಿಟ್ಟು, ಸುತ್ತಲಿನ ಕಮಾನುಗಳಡಿಯಲ್ಲಿ ಮರದ ಪೆಟ್ಟಿಗೆಗಳನ್ನು ಇರಿಸಿದಾಗ ಎಲ್ಲ ದಿಕ್ಕಿಗೂ ನಡಿಗೆಯ ದೂರ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಆರು ಗೋಲೆಮ್‌ಗಳು ಅಂಗಳದಲ್ಲಿ ತಿರುಗಾಡುತ್ತಿರುವುದನ್ನು ಮೇಲಿನ ಮೊಗಸಾಲೆಯಿಂದ ನೋಡುವುದು ಈ ಆಟದ ಅತ್ಯಂತ ನೆಮ್ಮದಿಯ ನೋಟಗಳಲ್ಲಿ ಒಂದು. ಕೈರೋದಲ್ಲಿ 1504–05ರಲ್ಲಿ ಕಟ್ಟಿದ ಅಲ್ ಘೂರಿಯ ವಿಕಾಲಾ ಎಂಬ ವರ್ತಕರ ಛತ್ರದಲ್ಲಿ ಕೆಳಗೆ ಸರಕು, ಮೇಲೆ ವರ್ತಕರ ವಸತಿ ಎಂಬ ಏರ್ಪಾಡಿತ್ತು. ನಾನೂ ಮಲಗುವ ಕೋಣೆಯನ್ನು ಮೇಲೆಯೇ ಇಟ್ಟುಕೊಂಡಿದ್ದೇನೆ. ಆದರೆ ಗೋಲೆಮ್ ನಿಧಾನ. ಪೆಟ್ಟಿಗೆಗಳು ಹೆಚ್ಚಾದಷ್ಟೂ ಹುಡುಕಾಟ ಹೆಚ್ಚಿ, ಕೆಲವೊಮ್ಮೆ ಸರಕನ್ನು ಕೈಯಲ್ಲಿ ಹಿಡಿದೇ ಅಲೆಯುತ್ತಿರುತ್ತದೆ. ಕಾಲ ಕಳೆದಂತೆ ಕಿಲುಬು ಹಿಡಿದು ಕೊನೆಗೆ ಪ್ರತಿಮೆಯಾಗಿ ನಿಂತುಬಿಡುತ್ತದೆ. ಜೇನುಮೇಣ ಹಚ್ಚಿ ತಡೆಯಬೇಕು, ಇಲ್ಲವೇ ಕೊಡಲಿಯಿಂದ ಕಿಲುಬನ್ನು ಕೆರೆಯಬೇಕು. ದಿನಕ್ಕೆ ಕೆಲವು ನೂರು ವಸ್ತುಗಳನ್ನು ತರುವವರಿಗೆ ಇದು ಧಾರಾಳ. ಸ್ವಯಂಚಾಲಿತ ಹೊಲ, ಕಬ್ಬಿಣದ ಕಾರ್ಖಾನೆಗಳಿಂದ ಸಾವಿರಗಟ್ಟಲೆ ಸರಕು ಬರುವವರು ಹ್ಯಾಂಬರ್ಗ್ ಮಾದರಿಗೇ ಹೋಗಬೇಕು.

ಹೊರನೋಟದ ಸಾಮಗ್ರಿಯಲ್ಲಿ ಆಟ ಉದಾರವಾಗಿದೆ. ಕೆಂಪಿಟ್ಟಿಗೆ, ಮಣ್ಣಿಟ್ಟಿಗೆ, ಮರಳುಗಲ್ಲು, ಟೆರಾಕೋಟಾ ಎಲ್ಲವೂ ಉಂಟು. ಸ್ಪೈಖರ್‌ಸ್ಟಾಟ್‌ನ ಹಸಿರುಗಟ್ಟಿದ ತಾಮ್ರದ ಛಾವಣಿಗಳಿಗೆ ಆಟದ ತಾಮ್ರಕ್ಕಿಂತ ಒಳ್ಳೆಯ ಬ್ಲಾಕ್ ಇಲ್ಲ, ಏಕೆಂದರೆ ಅದೂ ಕಾಲ ಕಳೆದಂತೆ ತಾನಾಗಿ ಹಸಿರಾಗುತ್ತದೆ. ಒಂದು ಬ್ಲಾಕ್ ಒಂದು ಮೀಟರ್ ಎಂಬ ಅಳತೆಯಿಂದಾಗಿ ಹೆಬ್ಬಾಗಿಲುಗಳು ಚೆನ್ನಾಗಿ ಬರುತ್ತವೆ, ಸಣ್ಣ ಕೆತ್ತನೆಗಳು ಬರುವುದಿಲ್ಲ. ಪೆಟ್ಟಿಗೆಯ ಮೇಲೆ ಗಟ್ಟಿ ಬ್ಲಾಕ್ ಇದ್ದರೆ ಅದು ತೆರೆಯದು ಎಂಬುದನ್ನು ಮಾತ್ರ ನೆನಪಿಡಬೇಕು. ಗೋಡೆಯಲ್ಲಿ ಒತ್ತೊತ್ತಾಗಿ ಜೋಡಿಸಬೇಕಾದಲ್ಲಿ ಪೀಪಾಯಿಯೇ ಸರಿ. ಹಿಂದಿನ ವರ್ತಕರು ಮೂಟೆಗಳ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದಂತೆ ಐಟಂ ಫ್ರೇಮ್‌ನಲ್ಲಿ ವಸ್ತುವಿನ ಚಿತ್ರವನ್ನೇ ತೂಗುಹಾಕಬಹುದು, ಚಂದವೂ ಹೌದು.

ಕೊರತೆಗಳಿಗೆ ಬರೋಣ. ಹಾಪರ್‌ಗಳು ನೂರಾರು ಆದಾಗ ಪ್ರತಿಯೊಂದೂ ತನ್ನ ಮೇಲೆ ಬಿದ್ದ ವಸ್ತು ಇದೆಯೇ ಎಂದು ಸತತವಾಗಿ ಹುಡುಕುತ್ತಿರುವುದರಿಂದ ಆಟ ನಿಧಾನವಾಗಿ ತಡವರಿಸತೊಡಗುತ್ತದೆ. ಮೇಲೆ ಕಂಪೋಸ್ಟರ್‌ನಂಥ ಬ್ಲಾಕ್ ಮುಚ್ಚಿ ಈ ಹುಡುಕಾಟವನ್ನು ತಗ್ಗಿಸಬಹುದಾದರೂ ನೀರಿನಡಿಯ ಹಾಪರ್‌ಗಳಿಗೆ ಆ ಉಪಾಯ ನಡೆಯದು. ಆಟಗಾರ ದೂರ ಹೋದಾಗ ಚಂಕ್ ಎಂಬ 16×16 ಬ್ಲಾಕ್‌ಗಳ ಭೂಭಾಗಗಳು ನಿದ್ರೆಗೆ ಜಾರಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇವೆರಡನ್ನೂ ಸಹಿಸಬಹುದು. ಸಹಿಸಲು ಕಷ್ಟವಾದದ್ದು ಬೇರೊಂದು: ಸರಕನ್ನು ಒಳಗೆ ಇಡುವುದನ್ನು ಮಾತ್ರ ಆಟ ಯಂತ್ರಕ್ಕೆ ಬಿಟ್ಟಿದೆ, ಹೊರತೆಗೆಯುವುದನ್ನಲ್ಲ. ‘ಮೂರು ಸ್ಟ್ಯಾಕ್ (64ರ ಕಟ್ಟು) ಇಟ್ಟಿಗೆ, ಒಂದು ಸ್ಟ್ಯಾಕ್ ಗಾಜು ಕೊಡು’ ಎಂದು ಕೇಳಿದರೆ ತಂದುಕೊಡುವ ವ್ಯವಸ್ಥೆಯನ್ನು ಮಾಡ್‌ಗಳಿಲ್ಲದೆ ಕಟ್ಟುವುದು ಪರಿಣತರ ಕೆಲಸ. ನಿಜಲೋಕದ ಯಾಂತ್ರೀಕೃತ ಗೋದಾಮುಗಳು, 1962ರಲ್ಲಿ ಜರ್ಮನಿಯ ಗ್ಯೂಟರ್ಸ್‌ಲೋದಲ್ಲಿ ಬರ್ಟೆಲ್ಸ್‌ಮನ್ ಪ್ರಕಾಶನಕ್ಕಾಗಿ ಕಟ್ಟಿದ ಎತ್ತರದ ಕಪಾಟುಗಳ ಉಗ್ರಾಣದಿಂದ ಹಿಡಿದು, ಇಡುವುದನ್ನೂ ತೆಗೆಯುವುದನ್ನೂ ಜೊತೆಜೊತೆಯಾಗಿಯೇ ಯೋಚಿಸಿವೆ.

ಮಾಡ್‌ಗಳು ಈ ಕೊರತೆಯನ್ನು ತುಂಬುತ್ತವೆ, ಆದರೆ ಎಲ್ಲವೂ ಕಟ್ಟಡದ ಹಿತಕ್ಕೆ ಒದಗುವುದಿಲ್ಲ. ಅಪ್ಲೈಡ್ ಎನರ್ಜಿಸ್ಟಿಕ್ಸ್ ಇಡೀ ಉಗ್ರಾಣವನ್ನು ಕೆಲವು ತಟ್ಟೆಗಳಲ್ಲಿ ಅಡಗಿಸಿ, ಒಂದು ಪರದೆಯ ಮುಂದೆ ನಿಂತು ಬೇಕಾದದ್ದನ್ನು ಪಡೆಯುವಂತೆ ಮಾಡುತ್ತದೆ. ಅನುಕೂಲ ನಿಜ, ಆದರೆ ಆಮೇಲೆ ಸುಲ್ತಾನ್ ಹಾನ್ ಕಟ್ಟಿದರೂ ಅದು ಒಳಗೇನೂ ಇಲ್ಲದ ವೇಷ. ಕ್ರಿಯೇಟ್ ಎಂಬ ಮಾಡ್ ಹಾಗಲ್ಲ. ಅದರ ಪಟ್ಟಿ, ದಂಡ, ಹಲ್ಲುಚಕ್ರ, ಹಗ್ಗದ ರಾಟೆಗಳೆಲ್ಲ ಕಣ್ಣಿಗೆ ಕಾಣುವಂತೆ ಜಾಗ ಹಿಡಿದೇ ಕೆಲಸ ಮಾಡುವುದರಿಂದ ಹಳೆಯ ಗೋದಾಮಿನ ನಕಾಶೆಗೆ ನ್ಯಾಯ ಸಲ್ಲುತ್ತದೆ. ಮಾಡ್ ಬಳಸಲು ಅಡ್ಡಿಯಿಲ್ಲದವರು ಇದನ್ನೇ ಆರಿಸಿಕೊಳ್ಳಲಿ.

ಸಿದ್ಧ ನಕಾಶೆಯನ್ನು ಇಳಿಸಿಕೊಂಡು ಒಂದು ಸಂಜೆಯಲ್ಲಿ ಮುಗಿಸಬೇಕೆನ್ನುವವರಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ. ಅವರಿಗೆ ನೆಲದಡಿಯ ಬೂದುಕೋಣೆಯೇ ಸಾಕು. ವಾರಗಟ್ಟಲೆ ನಕಾಶೆ ಗೀಚಿ ಅಳಿಸುವ ತಾಳ್ಮೆ ಇರುವವರು ಮೊದಲು ಸಾಮಗ್ರಿ ಮಿತಿಯಿಲ್ಲದೆ ಸಿಗುವ ಕ್ರಿಯೇಟಿವ್ ಮೋಡ್‌ನಲ್ಲಿ ಹತ್ತು ಹೋಳುಗಳ ಸಣ್ಣ ಮಾದರಿಯನ್ನು ಕಟ್ಟಿ, ಅಟ್ಟದ ಕೊನೆಯ ಪೆಟ್ಟಿಗೆಯನ್ನು ಇಟ್ಟಿದ್ದೇವೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ಖಡ್ಗ, ಕವಚ, ಔಷಧಿಶೀಶೆಗಳಂತೆ ಒಂದರ ಮೇಲೊಂದು ಪೇರಿಸಲಾಗದ ವಸ್ತುಗಳು 41ರ ಲೆಕ್ಕಕ್ಕೆ ಸಿಗುವುದಿಲ್ಲ. ಅವೆಲ್ಲ ಕಾಲುವೆಯ ಉದ್ದಕ್ಕೂ ಹರಿದು ಆ ಕೊನೆಯ ಪೆಟ್ಟಿಗೆಗೇ ಬಂದು ಬೀಳುತ್ತವೆ. ಅದನ್ನು ನಾನು ಈಗ ಬೀದಿಯ ಬದಿಯ ಬಾಗಿಲ ಪಕ್ಕಕ್ಕೆ, ಸುಂಕದ ಕಟ್ಟೆಯಂಥ ಒಂದು ಪುಟ್ಟ ಜಗುಲಿಯ ಮೇಲಕ್ಕೆ ತಂದಿಟ್ಟಿದ್ದೇನೆ. 1508ರ ಹೊತ್ತಿಗೆ ಮರುನಿರ್ಮಾಣಗೊಂಡ ವೆನಿಸ್‌ನ ಫೊಂಡಾಕೊ ದೇಯ್ ಟೆಡೆಸ್ಕಿ ಎಂಬ ವರ್ತಕಗೃಹದಲ್ಲಿ ಜರ್ಮನ್ ವರ್ತಕರ ಸರಕು ಅಧಿಕಾರಿಗಳ ಕಣ್ಣ ಮುಂದೆಯೇ ಸಾಗಬೇಕಾಗಿತ್ತು. ಇಲ್ಲಿ ಅಧಿಕಾರಿಯೂ ನಾನೇ, ವರ್ತಕನೂ ನಾನೇ. ವಾರಕ್ಕೊಮ್ಮೆ ಆ ಜಗುಲಿಯ ಮೇಲೆ ನಿಂತು ಯಾವ ಖಡ್ಗವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕರಗಿಸಬೇಕು ಎಂದು ಒಂದೊಂದನ್ನೇ ಎತ್ತಿ ನೋಡುತ್ತೇನೆ.